ನಮ್ಮ ಮನೆ ಸೋಲಾರಿನ ಪರೀಕ್ಷೆ

ಇನ್ನೊಬ್ಬರಿಗೆ ಉಪದೇಶ ಮಾಡುವುದರಲ್ಲಿ ಒಂದು ಸುಖವಿದೆ, ಅದರಿಂದ ಮೈಕೈ ನೋಯುವುದಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಗಾದೆ ಹುಟ್ಟಿದ್ದೇ ನನ್ನಂಥವರಿಂದ ಇರಬೇಕು. ನಾನು ಯಲಹಂಕದ ಕಡೆ ಒಂದು ನಗರಾಡಳಿತ ಕಚೇರಿಯಲ್ಲಿ ಗುಮಾಸ್ತ. ಸೋಲಾರ್ ವಾಟರ್ ಹೀಟರ್ ಕೂರಿಸುವುದು, ರಿಪೇರಿ ಮಾಡುವುದು ಕಲಿಸಲು ನಮ್ಮ ಕಚೇರಿ ಒಮ್ಮೆ ಉಚಿತ ತರಬೇತಿ ನಡೆಸಿತು. ಅರ್ಜಿ ತೆಗೆದುಕೊಳ್ಳುವಾಗ ಬಂದವರಿಗೆಲ್ಲ ನಾನು, "ನಮ್ಮನೇಲಿ ಆರು ವರ್ಷದಿಂದ ಸೋಲಾರ್ ನೀರೇ ಕಣ್ರೀ, ಗೀಸರ್ ಮುಟ್ಟಲ್ಲ" ಎನ್ನುತ್ತಿದ್ದೆ. ನಿಮ್ಮೆದುರು ನಿಜ ಹೇಳುತ್ತೇನೆ. ವಿದ್ಯಾರಣ್ಯಪುರದ ನಮ್ಮ ಮನೆಗೆ ಕರೆಂಟ್ ಸಿಗಬೇಕಾದರೆ ಸೋಲಾರ್ ತೋರಿಸಬೇಕಿತ್ತು, ತೋರಿಸಿದ್ದೆ. ಅದರಿಂದ ಒಂದು ಚೊಂಬು ಬಿಸಿನೀರೂ ಇಳಿದಿರಲಿಲ್ಲ.

ಕೊನೆಯ ಪರೀಕ್ಷೆ ಹೇಗೆಂದರೆ, ಚೆನ್ನಾಗಿರುವ ಸೋಲಾರನ್ನು ತರಬೇತಿಯ ಮೇಷ್ಟ್ರು ಬೇಕೆಂದೇ ಕೆಡಿಸುವುದು, ಕಲಿತವರು ಹದಿನೈದು ನಿಮಿಷದಲ್ಲಿ ಸರಿಮಾಡುವುದು. ಒಬ್ಬೊಬ್ಬರಿಗೆ ಒಂದೊಂದು ಮನೆ. ಒಂದು ಮನೆ ಕಡಿಮೆ ಬಿದ್ದಾಗ ಇಡೀ ಕಚೇರಿ ನನ್ನ ಮುಖ ನೋಡಿತು. ನಮ್ಮ ತಾರಸಿಗೆ ಬಂದವಳು ಬ್ಯಾಟರಾಯನಪುರದ ಮಂಜುಳಾ. ಗಾರ್ಮೆಂಟ್ಸ್ ಕೆಲಸ ಹೋಗಿ ಎರಡು ಮಕ್ಕಳನ್ನು ಕಟ್ಟಿಕೊಂಡು ಒದ್ದಾಡುತ್ತಿದ್ದವಳು. ಸರ್ಟಿಫಿಕೇಟ್ ತಂದರೆ ಸೋಮವಾರದಿಂದಲೇ ಬಾ ಎಂದು ಕೆಂಪಾಪುರದ ಸೋಲಾರ್ ಅಂಗಡಿಯವರು ಹೇಳಿದ್ದರು.

ಮೇಷ್ಟ್ರು ತಣ್ಣೀರಿನ ವಾಲ್ವ್ ಮುಚ್ಚಿದ್ದರು. ಆಕೆ ಐದೇ ನಿಮಿಷಕ್ಕೆ ಅದನ್ನು ಕಂಡುಹಿಡಿದು ತೆರೆದಳು. ಆದರೂ ಬಚ್ಚಲಿಗಿಳಿದು ಸೋಲಾರಿನ ನಲ್ಲಿ ತಿರುಗಿಸಿದರೆ ಬರೀ ಗಾಳಿ. ಮಂಜುಳಾ ಮತ್ತೆ ಮತ್ತೆ ಅದೇ ವಾಲ್ವ್ ನೋಡತೊಡಗಿದಳು, ಹಣೆಯೆಲ್ಲ ಬೆವರು. ಬಾಯಿಬಿಟ್ಟರೆ ನನ್ನ ಮಾನ ಹೋಗುತ್ತದೆ, ಬಿಡದಿದ್ದರೆ ಅವಳ ಕೆಲಸ ಹೋಗುತ್ತದೆ. ನಾಚಿಕೆಯ ಮಾತು, ಆದರೂ ಹೇಳುತ್ತೇನೆ: ಇಷ್ಟಾದರೂ ನಾನು ಯೋಚನೆ ಮಾಡುತ್ತಾ ನಿಂತಿದ್ದೆ. ಹೊತ್ತು ಮುಗಿಯಿತೆಂದು ಮೇಷ್ಟ್ರು ಪೆನ್ನು ತೆಗೆದರು.

"ನೀವ್ ಹೇಳ್ತೀರೋ, ನಾನ್ ಹೇಳ್ಲೋ?" ಎಂದು ನನ್ನ ಹೆಂಡತಿ ಸುಮಿತ್ರಾ ಬೆನ್ನ ಹಿಂದಿನಿಂದ ಗದರಿದಳು.

"ಬರೀಬೇಡಿ ಸಾರ್! ನಮ್ ಸೋಲಾರ್ ಹುಟ್ಟಿದಾಗಿನಿಂದ ಹೀಗೇನೇ. ನಾನು ಹೇಳಿದ್ದೆಲ್ಲ ಸುಳ್ಳು" ಎಂದುಬಿಟ್ಟೆ. ಹೇಳಿದ ಮೇಲೆ ಎಷ್ಟು ಹಗುರವಾಯಿತೆಂದರೆ, ಮೇಷ್ಟ್ರ ನೋಟ ಕೂಡ ಚುಚ್ಚಲಿಲ್ಲ.

"ಹಾಗಾದ್ರೆ ಇನ್ನೊಂದು ಹದಿನೈದು ನಿಮಿಷ ತಗೋಮ್ಮ" ಎಂದರು ಅವರು.

ಮಂಜುಳಾ ಪೈಪನ್ನು ಕೈಯಲ್ಲಿ ಸವರುತ್ತಾ ಟ್ಯಾಂಕಿನ ಹಿಂದಕ್ಕೆ ಹೋದಳು. "ಸಾ, ಇಲ್ಲಿಗಂಟ ಸುಡ್ತೈತೆ, ಇಲ್ಲಿಂದಾಚೆ ತಣ್ಣಗೈತೆ. ಬಿಸಿನೀರಿನ ವಾಲ್ವ್ ಯಾರೋ ಮುಚ್ಚವ್ರೆ. ಅಮ್ಮಾ, ಒಸಿ ಕೊಬ್ರಿ ಎಣ್ಣೆ ಕೊಡಿ."

ಆಗ ನೆನಪಾಯಿತು. ಗೃಹಪ್ರವೇಶದ ಹಿಂದಿನ ದಿನ ಅಲ್ಲಿ ನೀರು ಸೋರುತ್ತಿತ್ತು. ಪ್ಲಂಬರ್ ವಾಲ್ವ್ ಮುಚ್ಚಿ, "ಶನಿವಾರ ಬರ್ತೀನಿ ಸಾರ್" ಎಂದು ಹೋಗಿದ್ದ. ಅವನ ಶನಿವಾರ ಬರಲಿಲ್ಲ, ನಾನೂ ಒಂದು ದಿನವೂ ಟ್ಯಾಂಕಿನ ಹಿಂದೆ ಬಗ್ಗಿ ನೋಡಲಿಲ್ಲ. ಸೂರ್ಯ ಮಾತ್ರ ಆರು ವರ್ಷ ದಿನಾ ಡ್ಯೂಟಿಗೆ ಬಂದು ನೀರು ಕಾಯಿಸಿಟ್ಟು ಹೋಗಿದ್ದಾನೆ. ಸೋರುವ ಜಾಗಕ್ಕೆ ಟೇಪು ಸುತ್ತಿ, ಎಣ್ಣೆ ಬಿಟ್ಟು ಮಂಜುಳಾ ವಾಲ್ವ್ ತಿರುಗಿಸಿದಳು. ಕೆಳಗೆ ಬಚ್ಚಲಿನಲ್ಲಿ ಸುಮಿತ್ರಾ, "ಅಯ್ಯೋ, ಕೈ ಸುಟ್ಟೋಯ್ತು!" ಎಂದು ಸಂತೋಷದಿಂದ ಕೂಗಿಕೊಂಡಳು. ಮೇಷ್ಟ್ರು ಪೂರಾ ಅಂಕ ಕೊಟ್ಟರು. ಬಚ್ಚಲಿಗಿಳಿದು ನೋಡಿದಾಗ ನನ್ನ ಕಣ್ಣು ಒದ್ದೆಯಾಯಿತು, ಹಬೆಯಿಂದ ಎಂದೆ.

ಮಧ್ಯಾಹ್ನ ಕಚೇರಿಯಲ್ಲಿ ಕೂತು ವರದಿಯಲ್ಲಿ 'ತರಬೇತಿಯಿಂದ ಕಲಿತವರು' ಎಂಬಲ್ಲಿ ಹೆಸರು ತುಂಬುತ್ತಿದ್ದೆ. ಸರ್ಟಿಫಿಕೇಟ್ ತೆಗೆದುಕೊಂಡ ಮಂಜುಳಾ ಇಣುಕಿ ನೋಡಿದಳು.

"ಸಾ, ಒಂದ್ ಎಸ್ರು ಬಿಟ್ಟೋಗದೆ."

"ಇಲ್ಲಮ್ಮ, ಎರಡು ಸಲ ಎಣಿಸಿದ್ದೀನಿ. ಯಾರದ್ದು?"

"ನಿಮ್ದೇ ಸಾ" ಎಂದವಳು, ಸರ್ಟಿಫಿಕೇಟನ್ನು ಜೋಪಾನವಾಗಿ ಸೆರಗಿನಲ್ಲಿ ಸುತ್ತಿಕೊಂಡು ಹೊರಟಳು.