ಕಡಲಕಾಗೆಗೊಂದು ಗೂಡು

ವೆಸ್ಟರ್‌ಹೂಕ್ ಎಂಬ ಕಡಲತೀರದ ಊರಿನಲ್ಲಿ ಮನೆಗಳಿಗೇನೂ ಬರವಿಲ್ಲ. ಜನವರಿಯ ಸಂಜೆ ಮರಳದಿಬ್ಬದ ಮೇಲೆ ನಿಂತು ನೋಡಿದರೆ ಊರ ತುಂಬ ಮನೆಗಳೇ. ದೀಪ ಉರಿಯುವುದು ಮಾತ್ರ ಮೂರಕ್ಕೆ ಒಂದರಲ್ಲಿ. ಮಿಕ್ಕವೆಲ್ಲ ಬೇಸಗೆಯಲ್ಲಿ ಬಂದು ಹೋಗುವ ಪ್ರವಾಸಿಗರವು. ಆ ಕತ್ತಲೆ ಮನೆಗಳಲ್ಲಿ ಹದಿನಾಲ್ಕನ್ನು ವಾರವಾರವೂ ಗುಡಿಸಿ, ಒರೆಸಿ, ಯಾರೂ ಮಲಗದ ಹಾಸಿಗೆಯ ಸುಕ್ಕು ತೆಗೆದು ಬರುವುದು ನೆಲ್ಲಿಯ ಕೆಲಸ. ಮಾರ್ಚ್ ಒಂದರಿಂದ ತನಗೇ ಮಲಗಲು ಜಾಗವಿಲ್ಲ ಎನ್ನುವುದು ಅವಳ ಸಂಕಟ.

(ಹೆಸರು ನೆಲ್ಲಿ. ಗುಣವೂ ಹಾಗೆಯೇ. ಕಚ್ಚಿದಾಗ ಹುಳಿ, ಮೇಲೊಂದು ಲೋಟ ನೀರು ಕುಡಿದರೆ ಸಿಹಿ. ಗಂಡ ಕ್ರೈನ್ ಇಪ್ಪತ್ತಾರು ವರ್ಷಗಳಿಂದ ನೀರು ಕುಡಿಯುತ್ತಲೇ ಇದ್ದಾನೆ.)

ಕ್ರೈನ್ ಊರ ಶಾಲೆಯನ್ನು ನೋಡಿಕೊಳ್ಳುವವನಾಗಿದ್ದ. ಬಾಗಿಲು ತೆಗೆಯುವುದು, ಬಾಯ್ಲರ್ ಉರಿಸುವುದು, ಮಕ್ಕಳು ಕಳೆದುಕೊಂಡ ಕೈಗವಸು ಹುಡುಕಿಕೊಡುವುದು, ಹೀಗೆ. ಶಾಲೆಯ ಹಿಂದಿನ ಎರಡು ಕೋಣೆಯ ಮನೆ ಕೆಲಸದ ಜೊತೆಗೇ ಬಂದದ್ದು. ಊರಿನಲ್ಲಿ ಬಾಡಿಗೆಗೆ ಮನೆ ಸಿಗದೆ ಹರೆಯದ ಜೋಡಿಗಳು ಒಂದೊಂದಾಗಿ ಊರು ಬಿಟ್ಟವು. ಜೋಡಿಗಳು ಹೋದ ಮೇಲೆ ಮಕ್ಕಳೆಲ್ಲಿಂದ ಬರಬೇಕು? ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ಕ್ರೈನನಿಗೆ ಪಕ್ಕದೂರಿನ ಶಾಲೆಯಲ್ಲಿ ಕೆಲಸವೇನೋ ಸಿಕ್ಕಿತು, ಅದರ ಜೊತೆ ಮನೆ ಬರಲಿಲ್ಲ. ಹಳೆಯ ಶಾಲೆಯನ್ನು ಕೆಡವಿ ಅಲ್ಲಿ ಇಪ್ಪತ್ತೆರಡು ಪ್ರವಾಸಿ ಮನೆಗಳನ್ನು ಕಟ್ಟುವುದೆಂದು ತೀರ್ಮಾನವಾಗಿತ್ತು. ಅವನ್ನು ಗುಡಿಸಲು ಬರುತ್ತೀಯಾ ಎಂದು ನೆಲ್ಲಿಯನ್ನು ಕೇಳಿಯೂ ಆಗಿತ್ತು.

ಮೊದಲು ಕ್ರೈನ್ ಎಲ್ಲರಂತೆ ರಾಜಮಾರ್ಗದಲ್ಲೇ ಹುಡುಕಿದ. ಕಡಿಮೆ ಬಾಡಿಗೆಯ ಮನೆಗಳ ಸರದಿಗೆ ಹೆಸರು ಬರೆಸಲು ಹೋದರೆ, ಅಲ್ಲಿದ್ದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ, "ಒಂಬತ್ತು ವರ್ಷ ಆಗಬಹುದು" ಎಂದಳು.

"ನನಗೆ ಮಾರ್ಚ್ ಒಂದಕ್ಕೆ ಬೇಕಿತ್ತು."

"ಯಾವ ವರ್ಷದ ಮಾರ್ಚ್?" ಎಂದು ಅವಳು ಕೇಳಿದ್ದು ತಮಾಷೆಗಲ್ಲ.

ಖಾಸಗಿ ದಲ್ಲಾಳಿಯ ಹತ್ತಿರ ಹೋದರೆ, ಸಂಬಳ ಬಾಡಿಗೆಯ ಮೂರು ಪಟ್ಟು ಇರಬೇಕೆಂದ. ಬೇಸಗೆ ಬಿಡಾರಗಳ ಪಾರ್ಕಿನವನು, "ಬಂದು ಇರಿ, ಆದರೆ ಇಲ್ಲಿ ಕಾಯಂ ವಾಸ ಕಾನೂನಿಗೆ ವಿರುದ್ಧ, ಇದ್ದೀರಿ ಅಂತ ಯಾರಿಗೂ ಗೊತ್ತಾಗಬಾರದು, ಪರದೆ ಎಳೆದುಕೊಂಡೇ ಇರಬೇಕು" ಎಂದ. ಕ್ರೈನ್ ಒಪ್ಪಿ ಬಂದುಬಿಡುತ್ತಿದ್ದನೇನೋ. ನೆಲ್ಲಿ ಬಿಡಲಿಲ್ಲ.

"ಐವತ್ತೆರಡು ವರ್ಷ ಈ ಊರಲ್ಲಿ ಕಿಟಕಿ ತೆರೆದಿಟ್ಟುಕೊಂಡು ಬದುಕಿದ್ದೀನಿ. ಈಗ ಕಳ್ಳಬೆಕ್ಕಿನ ಹಾಗೆ ಪರದೆ ಹಿಂದೆ ಕೂರಬೇಕಾ?"

"ಹಾಗಾದ್ರೆ ನೀನೇ ಹೇಳು, ಏನ್ ಮಾಡ್ಲಿ?"

"ಏನಾದ್ರೂ ಮಾಡು. ಇಪ್ಪತ್ತಾರು ವರ್ಷದಲ್ಲಿ ಒಂದ್ಸಲ."

ಆ ವಾರವೇ ಚರ್ಚಿನ ಆರ್ಗನ್ ನುಡಿಸುತ್ತಿದ್ದ ಮುದುಕ ತೀರಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಎಲ್ಲರೂ ಕಾಫಿಗೆ ಕೂತಿದ್ದರು, ತಲೆಗೊಂದು ತುಂಡು ಕೇಕು. ಪಕ್ಕದ ಮೇಜಿನಲ್ಲಿ ತೀರಿಕೊಂಡವನ ಮಗ ಯಾರಿಗೋ, "ಮನೆ ಏನ್ಮಾಡೋದೋ ಗೊತ್ತಿಲ್ಲ, ಸದ್ಯಕ್ಕೆ ಬಾಡಿಗೆಗೆ ಕೊಡೋಣ ಅಂತ" ಎಂದದ್ದು ಕ್ರೈನನ ಕಿವಿಗೆ ಬಿತ್ತು. ಕೇಕು ಬಾಯಲ್ಲಿತ್ತು. ಅದನ್ನು ನುಂಗಿ, ಕಾಫಿ ಕುಡಿದು, ಬಾಯಿ ಒರೆಸಿ ಎದ್ದು ಹೋಗುವಷ್ಟರಲ್ಲಿ ಮನೆ ಮೀನಿನಂಗಡಿಯವನ ತಂಗಿಗೆ ಹೋಗಿತ್ತು.

ಬೇರೆಯವನಾಗಿದ್ದರೆ ಕೇಕನ್ನು ಶಪಿಸುತ್ತಿದ್ದ. ಕ್ರೈನನಿಗೆ ಜ್ಞಾನೋದಯವಾಯಿತು. ಊರಿನಲ್ಲಿ ಮನೆ ಖಾಲಿಯಾಗುವುದು ಒಂದೇ ಬಗೆಯಲ್ಲಿ. ಆದ್ದರಿಂದ ಹುಡುಕಬೇಕಾದದ್ದು ಸಂಸ್ಕಾರದ ಕಾಫಿಯ ಹತ್ತಿರ, ಅದೂ ಕೇಕು ಬಾಯಿಗೆ ಹಾಕುವ ಮೊದಲು.

ಹೀಗೆ ಶುರುವಾಯಿತು ಅವನ ಶೋಕಪರ್ಯಟನೆ. ಕರಿ ಕೋಟು ಹಾಕಿಕೊಂಡು, ಗುರುತಿದ್ದವರು, ಇಲ್ಲದವರು ಎನ್ನದೆ ಊರಿನ ಪ್ರತಿ ಸಾವಿಗೂ ಹೋದ. ಆರು ವಾರದಲ್ಲಿ ಒಂಬತ್ತು. ಕೈ ಹಿಡಿದು ಸಂತಾಪ ಹೇಳುವುದನ್ನೂ ಮನೆಯ ವಿಚಾರಕ್ಕೆ ಬರುವುದನ್ನೂ ಒಂದೇ ಉಸಿರಿನಲ್ಲಿ ಮುಗಿಸುವ ಕಲೆ ಅವನಿಗೆ ಒಲಿಯಿತು.

"ಬಹಳ ಒಳ್ಳೆಯವರು. ದೊಡ್ಡ ಮನಸ್ಸು. ಮೇಲ್ಗಡೆ ಎರಡು ರೂಮು, ಅಲ್ವಾ?"

ಯಾರೂ ಬಾಡಿಗೆಗೆ ಕೊಡಲಿಲ್ಲ. ಎಲ್ಲರಿಗೂ ಪ್ರವಾಸಿಗರ ದುಡ್ಡಿನ ರುಚಿ ಹತ್ತಿತ್ತು. ಒಂಬತ್ತನೆಯ ಸಂಸ್ಕಾರದಲ್ಲಿ, ಕಪ್ಪು ಟೋಪಿ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬಳನ್ನು ತೀರಿಕೊಂಡವನ ಅಕ್ಕನೋ ಯಾರೋ ಎಂದುಕೊಂಡು ಕ್ರೈನ್ ಬಗ್ಗಿ ಕೇಳಿದ: "ಮನೆ ಯಾವಾಗ ಖಾಲಿ ಆಗುತ್ತೆ ಅಂತ ನಿಮಗೇನಾದ್ರೂ ಗೊತ್ತಾ?"

"ನಾನು ಅವರ ಹೆಂಡತಿ," ಎಂದಳು ಮುದುಕಿ. "ನಾನಿನ್ನೂ ಇದ್ದೀನಪ್ಪ. ಅವಸರ ಇದ್ರೆ ಹೇಳು."

ಕ್ರೈನ್ ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನೆಲ್ಲಿ ಬಾಗಿಲಲ್ಲೇ ನಿಂತಿದ್ದಳು.

"ಊರವರು ನಿನಗೆ ಹೆಸರಿಟ್ಟಿದ್ದಾರೆ, ಗೊತ್ತಾ? ಕಡಲಕಾಗೆ!"

"ಯಾರು ಇಟ್ಟಿದ್ದು?"

"ಊರು. ಜನ ತಿನ್ನೋವಾಗ ಪಕ್ಕದಲ್ಲಿ ಬಂದು ನಿಂತ್ಕೊಂಡು, ಯಾವಾಗ ಬೀಳುತ್ತೆ ಅಂತ ಕಾಯುತ್ತಲ್ಲ, ಅದು. ಅಂಗಡಿಯಲ್ಲಿ ನೀನು 'ಹೇಗಿದ್ದೀರಿ' ಅಂತ ಕೇಳಿದ್ರೆ ಮುದುಕರು ಸಾಮಾನಿನ ತಳ್ಳುಗಾಡಿ ಬಿಟ್ಟು ಓಡ್ತಾರಂತೆ. ನಾನು ನಾಳೆ ಅವರ ಮುಖ ಹೇಗೆ ನೋಡಲಿ?"

"ಮನೆ ಸಿಕ್ಕಿದ್ರೆ ಎಲ್ಲ ಮರೀತಾರೆ."

"ಸಿಕ್ಕಿದ್ರೆ!"

ಎಂದಿನಂತೆ ಇನ್ನೂ ಬೈಯುತ್ತಾಳೆಂದು ಕ್ರೈನ್ ಕಾದ. ಅವಳು ಬೈಯಲಿಲ್ಲ. ಅರ್ಧ ಕಟ್ಟಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತಳು.

"ಇವತ್ತು ಏಳನೇ ಮನೇಲಿ ಮಂಚದ ಮೇಲೆ ಮಲಗಿಬಿಟ್ಟೆ ಕ್ರೈನ್. ಬೂಟು ಬಿಚ್ಚಿ, ಹೊದ್ದುಕೊಂಡು. ಸುಸ್ತಾಗಿತ್ತು ಅಂತಲ್ಲ. ನಂದೇ ಮನೆ ಅಂದ್ಕೊಂಡು ಹತ್ತು ನಿಮಿಷ ಇದ್ದು ನೋಡೋಣ ಅಂತ. ಆಮೇಲೆ ಎದ್ದು ಸುಕ್ಕು ತೆಗೆದೆ."

ಮಾರ್ಚ್ ಒಂದಕ್ಕೆ ಇನ್ನು ಹತ್ತೇ ದಿನ ಉಳಿದಿತ್ತು. ಕ್ರೈನ್ ಒಂದು ಲೋಟ ನೀರು ತಂದುಕೊಟ್ಟ. ಈ ಸಲ ಅವಳೇ ಕುಡಿದಳು.

ಮರುದಿನ ಕರೆ ಬಂದದ್ದು ಲೀವೆನ್ ಅಜ್ಜನಿಂದ. ಕಡಲಕಟ್ಟೆಯ ಬುಡದಲ್ಲಿ ಕೆಂಪು ಹೆಂಚಿನ ಮನೆ, ಮೇಲೆ ಎರಡು ಕೋಣೆ. ಅಜ್ಜ ಹಿಂದೆ ದೋಣಿ ನಡೆಸಿ ಚಿಪ್ಪುಮೀನು ಹಿಡಿಯುತ್ತಿದ್ದವನು, ಈಗ ತೊಂಬತ್ತಮೂರು ವರ್ಷ, ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದಿದ್ದ. ಇನ್ನು ಎರಡೇ ವಾರ ಎಂದು ಡಾಕ್ಟರು ಕೈಚೆಲ್ಲಿದ್ದರು. ಕ್ರೈನ್ ಒಳಗೆ ಕಾಲಿಟ್ಟವನೇ ಅಭ್ಯಾಸಬಲದಿಂದ ಸೂರು ನೋಡಿದ.

"ಬಾರಯ್ಯ, ಕೂತ್ಕೋ. ಸೂರು ಸೋರಲ್ಲ. ಆಮೇಲೆ ನೋಡುವೆಯಂತೆ," ಎಂದ ಅಜ್ಜ.

"ಹಾಗಲ್ಲ ಅಜ್ಜ, ನಿಮ್ಮ ಆರೋಗ್ಯ..."

"ಎಲ್ಲರೂ ದ್ರಾಕ್ಷಿ ತಂದು, ಬೇಗ ಹುಷಾರಾಗ್ತೀರಿ ಅಂತ ಸುಳ್ಳು ಹೇಳಿ ಹೋಗ್ತಾರೆ. ನೀನು ಯಾಕೆ ಬರ್ತೀಯ ಅಂತ ಊರಿಗೇ ಗೊತ್ತು. ಅದು ನಂಗೆ ಹಿಡಿಸ್ತು. ಮನೆ ಬೇಕಾ?"

"ಬೇಕು ಅಜ್ಜ."

"ಕೇಳು ಹಾಗಾದ್ರೆ. ನಾನು ಸತ್ತ ದಿನವೇ ನನ್ನ ಮಗ ಇದನ್ನ ಮಾರ್ತಾನೆ. ಕೊಳ್ಳೋರನ್ನೂ ಗೊತ್ತು ಮಾಡಿಟ್ಟಿದ್ದಾನೆ. ಆದ್ರೆ ನಾನು ಉಸಿರಾಡ್ತಾ ಇರೋವರೆಗೂ ಮನೆ ನಂದು. ಮೇಲಿನ ಎರಡು ಕೋಣೆ ನಿಂಗೂ ನಿನ್ನ ಹೆಂಡತಿಗೂ. ನನ್ನ ನೋಡ್ಕೊಳ್ಳಿ, ಅಷ್ಟೇ. ಬಾಡಿಗೆ ಪತ್ರ ಆಮೇಲೆ ಬರೆದುಕೊಡ್ತೀನಿ."

ಕಾಲಚಕ್ರ ಹೇಗೆ ತಿರುಗಿತು ನೋಡಿ. ನಿನ್ನೆಯವರೆಗೆ ಯಾರು ಸಾಯುತ್ತಾರೆಂದು ಊರೆಲ್ಲ ಕಾಯುತ್ತಿದ್ದ ಮನುಷ್ಯ, ಇವತ್ತಿನಿಂದ ಒಬ್ಬ ಮುದುಕ ಸಾಯದಂತೆ ಕಾಯಬೇಕಾಯಿತು.

ಮಾರ್ಚ್ ಒಂದಕ್ಕೆ ಅವರು ಮೇಲಿನ ಕೋಣೆಗಳಿಗೆ ಬಂದರು. ಕ್ರೈನ್ ಕಿಟಕಿಯ ಸಂದುಗಳಿಗೆಲ್ಲ ಬಟ್ಟೆ ತುರುಕಿ ಕಡಲಗಾಳಿಯನ್ನು ಹೊರಗಟ್ಟಿದ. ಬೆಳಿಗ್ಗೆ ಎದ್ದ ಕೂಡಲೇ ಅಜ್ಜನ ಬಾಗಿಲಿಗೆ ಕಿವಿಯಿಟ್ಟು, ಕೆಮ್ಮು ಕೇಳಿದರೆ ಆ ದಿನಕ್ಕೆ ಮನೆ ಉಳಿಯಿತೆಂದು ಹಲ್ಲುಜ್ಜಲು ಹೋಗುತ್ತಿದ್ದ. ಕೆಮ್ಮು ನಿಂತ ದಿನ ಹೆದರಿ ಒಳಗೆ ನುಗ್ಗಿದರೆ, ಅಜ್ಜ ಕಣ್ಣು ಬಿಟ್ಟು, "ಕಫ ಇಳೀತು. ಅದಕ್ಕೂ ಅಳ್ತೀಯೇನೋ?" ಎಂದ.

ಇಳಿಸಿದ್ದು ನೆಲ್ಲಿಯ ಬಟಾಣಿ ಸಾರು. ಹೊಗೆಯಲ್ಲಿ ಒಣಗಿಸಿದ ಸಾಸೇಜು ಹಾಕಿ, ಚಮಚ ನೆಟ್ಟರೆ ಬೀಳದಷ್ಟು ಗಟ್ಟಿಯಾಗಿ ಕುದಿಸುತ್ತಿದ್ದಳು. ಅಜ್ಜ ಮೊದಲ ವಾರ ಅರ್ಧ ಬಟ್ಟಲು, ಎರಡನೆಯ ವಾರ ಒಂದು, ಮೂರನೆಯ ವಾರ ಎದ್ದು ಬಂದು ಪಾತ್ರೆಯಿಂದಲೇ ಬಡಿಸಿಕೊಂಡ. ಮೈಗೆ ಬಲ ಬಂದಂತೆ ಬಾಯಿಗೂ ಬಂತು. ಕ್ರೈನ್ ಮೆಟ್ಟಿಲು ಹತ್ತುವುದು ಜೋರು, ಬಾಗಿಲು ಹಾಕುವುದು ಜೋರು. ಹತ್ತು ಗಂಟೆಯ ಕಾಫಿಗೆ ಒಂದೇ ಬಿಸ್ಕತ್ತು. ಕೈ ಎರಡನೆಯದಕ್ಕೆ ಹೋಗುವ ಮೊದಲೇ ಅಜ್ಜ ಡಬ್ಬಿಯ ಮುಚ್ಚಳ ಹಾಕುತ್ತಿದ್ದ. ನೆಲ್ಲಿಗೆ ಮಾತ್ರ ಎರಡು.

"ನಿನ್ನ ಗಂಡನಿಗೆ ಯಾವಾಗಿಂದ ಹೀಗೆ?" ಎಂದು ಅಜ್ಜ ಕೇಳುವುದು.

"ಮದುವೆ ಆದಾಗ್ಲೇ ಹೀಗಿದ್ರು ಅಜ್ಜ," ಎಂದು ನೆಲ್ಲಿ ಹೇಳುವುದು.

ಇಬ್ಬರೂ ನಗುವುದು. ಮೊದಲು ಒಬ್ಬರಿಂದ ಬೈಸಿಕೊಳ್ಳುತ್ತಿದ್ದ ಕ್ರೈನ್ ಈಗ ಇಬ್ಬರಿಂದ ಬೈಸಿಕೊಳ್ಳುತ್ತಿದ್ದ. ಆದರೂ ನೆಲ್ಲಿ ಕಿಟಕಿಯಲ್ಲಿ ಹೂವಿನ ಕುಂಡ ಇಟ್ಟಿದ್ದಳು, ಪರದೆ ತೆರೆದಿತ್ತು. ಅಷ್ಟು ಸಾಕು ಎಂದುಕೊಂಡ.

ಕಾಡುತ್ತಿದ್ದುದು ಪತ್ರವೊಂದೇ. ಪತ್ರವಿಲ್ಲದೆ ಊರ ಕಚೇರಿಯಲ್ಲಿ ವಿಳಾಸ ಬರೆದುಕೊಳ್ಳುವುದಿಲ್ಲ. ಕಚೇರಿಯ ಲೆಕ್ಕದಲ್ಲಿ ಅವರಿಬ್ಬರೂ ಇನ್ನೂ ಶಾಲೆಯ ಹಿಂದೆಯೇ ವಾಸವಾಗಿದ್ದರು, ಅಲ್ಲಿ ಆಗಲೇ ಬುಲ್ಡೋಜರ್ ಓಡಾಡುತ್ತಿತ್ತು. ಕ್ರೈನ್ ಕೇಳಿದಾಗಲೆಲ್ಲ ಅಜ್ಜ, "ಸಾಯೋದಿಲ್ಲ ಬಿಡಯ್ಯ, ಅವಸರ ಯಾಕೆ?" ಎನ್ನುತ್ತಿದ್ದ. ಏಪ್ರಿಲ್ ಹೊತ್ತಿಗೆ ಅಜ್ಜ ಕೋಲೂರಿಕೊಂಡು ಮಂಗಳವಾರ ಮಂಗಳವಾರ ವೃದ್ಧರ ಕಾಫಿಕೂಟಕ್ಕೆ ಹೋಗತೊಡಗಿದ. ತಲೆಗೆ ಸುಗಂಧದ ಎಣ್ಣೆ ಬೇರೆ.

ಒಂದು ಗುರುವಾರ ತಾನಾಗಿಯೇ ಹೇಳಿದ: "ನಾಳೆ ಹನ್ನೊಂದಕ್ಕೆ ಊರ ಕಚೇರಿಗೆ ಬನ್ನಿ, ಇಬ್ಬರೂ. ನಿಮ್ಮ ಸಹಿ ಬೇಕು. ಒಳ್ಳೆ ಬಟ್ಟೆ ಹಾಕ್ಕೊಂಡು ಬನ್ನಿ."

ಕ್ರೈನ್ ನೆಲ್ಲಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. (ಮೇಲಿನ ಮಹಡಿ ಅಲುಗಿತು. ಕೆಳಗಿನಿಂದ ಕೋಲು ಸೂರಿಗೆ ಬಡಿಯಿತು.)

"ನೋಡಿದ್ಯಾ? ಕೊನೆಗೂ ಮನೆ ಹುಡುಕಿದ್ದು ಯಾರು?"

"ನೀನೇ ಮಾರಾಯ, ನೀನೇ," ಎಂದಳು ನೆಲ್ಲಿ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ನೀರು ಕುಡಿಯದೆಯೇ ಸಿಹಿ.

ಮರುದಿನ ಹನ್ನೊಂದಕ್ಕೆ ಅವರು ಹೋದಾಗ ಅಜ್ಜ ಸೂಟು ಹಾಕಿ ಕೂತಿದ್ದ. ಪಕ್ಕದ ಕುರ್ಚಿಯಲ್ಲಿ ಗುಲಾಬಿ ಬಣ್ಣದ ಟೋಪಿಯ, ಎಂಬತ್ತರ ಮೇಲಿನ ಹೆಂಗಸೊಬ್ಬಳು ಅಜ್ಜನ ಕೈ ಹಿಡಿದುಕೊಂಡಿದ್ದಳು.

"ಇವಳು ಕೊರ್ರಿ," ಎಂದ ಅಜ್ಜ. "ಜೂನ್‌ನಲ್ಲಿ ಮದುವೆ. ಇವತ್ತು ಹೆಸರು ಬರೆಸೋದು. ನೀವಿಬ್ಬರೂ ಸಾಕ್ಷಿ."

ಕ್ರೈನ್ ಕುರ್ಚಿಗಾಗಿ ಕೈ ಚಾಚಿದ. ಕುರ್ಚಿ ಸಿಗಲಿಲ್ಲ.

"ಮದುವೆನಾ?" ಎಂದಳು ನೆಲ್ಲಿ.

"ನಿನ್ನ ಸಾರಿನ ಮಹಿಮೆ ಕಣಮ್ಮ," ಎಂದ ಅಜ್ಜ. "ಮೈಯಲ್ಲಿ ಹೊಸ ರಕ್ತ ಹರೀತಿದೆ."

ಕೊರ್ರಿಯಜ್ಜಿ ಕ್ರೈನನ ಕೈ ತಟ್ಟಿ ಅಕ್ಕರೆಯಿಂದ ಹೇಳಿದಳು: "ಇಷ್ಟು ದಿನ ಮಗನ ಮನೆಯ ಹಿಂದಿನ ಕೋಣೇಲಿ ಇದ್ದೆ ನೋಡಪ್ಪ, ಉಸಿರುಕಟ್ತಿತ್ತು. ಲೀವೆನ್ ಹೇಳ್ತಿದ್ರು, ಮೇಲ್ಗಡೆ ಎರಡು ಚೆಂದದ ಕೋಣೆ ಇದೆಯಂತೆ, ಗಾಳಿ ಬರದ ಹಾಗೆ ಬಟ್ಟೆ ಕೂಡ ತುರುಕಿ ಇಟ್ಟಿದ್ದಾರಂತೆ. ಒಂದರಲ್ಲಿ ನನ್ನ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಹಾರ್ಮೋನಿಯಂ."

"ಅಜ್ಜ," ಎಂದ ಕ್ರೈನ್, "ಉಸಿರಾಡ್ತಾ ಇರೋವರೆಗೂ ಅಂದಿದ್ರಿ."

"ಅಂದಿದ್ದೆ. ಎರಡು ವಾರ ಅಂತ ಡಾಕ್ಟರು ಹೇಳಿದ್ದರಪ್ಪ! ಇಷ್ಟು ಉಸಿರು ಇದೆ ಅಂತ ನಂಗೇನು ಗೊತ್ತಿತ್ತು?"

ಮೇಜಿನ ಹಿಂದಿದ್ದ ಗುಮಾಸ್ತೆ ಗಂಟಲು ಸರಿಮಾಡಿಕೊಂಡು ಫಾರಂ ಹತ್ತಿರ ಎಳೆದುಕೊಂಡಳು. "ಮೊದಲನೇ ಸಾಕ್ಷಿ. ಹೆಸರು?"

"ಕ್ರೈನ್ ವರ್ಹಾಖೆ."

"ವಿಳಾಸ?"

ಕ್ರೈನ್ ಬಾಯಿ ತೆರೆದ. ಮುಚ್ಚಿದ. ನೆಲ್ಲಿಯ ಕಡೆ ನೋಡಿದ. ನೆಲ್ಲಿ ನೆಲ ನೋಡುತ್ತಿದ್ದಳು. ಗುಮಾಸ್ತೆಯ ಪೆನ್ನು ಕಾಗದದಿಂದ ಒಂದಿಂಚು ಮೇಲೆ ನಿಂತೇ ಇತ್ತು.

ಲೀವೆನ್ ಅಜ್ಜನಿಗೆ ಕರುಳು ಚುರುಕ್ಕೆಂದಿತು. ದೊಡ್ಡ ಮನಸ್ಸಿನಿಂದ ಕೋಲು ಎತ್ತಿ ಹೇಳಿದ:

"ನನ್ನ ಮನೇದೇ ಬರ್ಕೊಳ್ಳಮ್ಮ, ಪಾಪ. ಆದ್ರೆ ಪೆನ್ಸಿಲಲ್ಲಿ ಬರಿ."