ಟೀವಿಯಲ್ಲಿ ಗಿಣಿ ಕಾದ ಅತ್ತೆ

ವಿಡಿಯೋ ಗೇಮಿನಲ್ಲಿ ಸೋಲುವವರು ಬೇಕಾದಷ್ಟು ಜನ. ಬೇಕೆಂದೇ ಸೋತು, ಸೆರಗು ಕೊಡವಿಕೊಂಡು ಎದ್ದು ಹೋಗುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರ ಕೈಕೆಳಗೆ ವರ್ಷಗಟ್ಟಲೆ ಮುದ್ದೆ ತಿರುವಿದ್ದೇನೆ. ಅವರು ನಮ್ಮ ಅತ್ತೆ!

ಎಂಬತ್ತರ ದಶಕ. ನಮ್ಮ ಮನೆ ಬಾಗಲಗುಂಟೆಯಲ್ಲಿ. ಅತ್ತೆಯ ಹೊಲ ಪೀಣ್ಯದ ಕಡೆ ಇತ್ತು. 'ಇತ್ತು' ಎಂದೆ, ಏಕೆಂದರೆ ಇಂಡಸ್ಟ್ರಿಗೆಂದು ಸರ್ಕಾರ ಅದನ್ನು ತೆಗೆದುಕೊಂಡು ಎಷ್ಟೋ ಕಾಲವಾಗಿ, ಅಲ್ಲೊಂದು ಫ್ಯಾಕ್ಟರಿಯೇ ಎದ್ದಿತ್ತು. ಇದು ಊರಿಗೆಲ್ಲ ಗೊತ್ತಿದ್ದ ವಿಷಯ. ಅತ್ತೆ ಮಾತ್ರ ಒಪ್ಪಿಕೊಂಡಿರಲಿಲ್ಲ! ವಾರಕ್ಕೊಮ್ಮೆ ಗೇಟಿಗೆ ಹೋಗಿ ವಾಚ್‌ಮನ್ನನ್ನು ವಿಚಾರಿಸುತ್ತಿದ್ದರು.

"ಏನಪ್ಪಾ, ಈ ವಾರ ನನ್ನೊಲ್ದಾಗೆ ಏನ್ ಬೆಳುದ್ರಿ?"

"ನಟ್ಟು ಬೋಲ್ಟು ಕಣಮ್ಮೋ."

"ಓಗ್ಲಿ ಬುಡು. ಕಳೆ ಕೀಳೋ ಕೆಲ್ಸ ಇಲ್ವಲ್ಲ!"

ಇಂಥವರಿಗೆ ನಾನು ಸೊಸೆ. ಫೋರ್ಕಿನಲ್ಲಿ ಬಟಾಣಿ ಚುಚ್ಚಿ ತಿನ್ನಲು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಮುದ್ದೆ ನುಂಗಲು ಯಾರೂ ಕಲಿಸಿರಲಿಲ್ಲ. ದಾಸರಹಳ್ಳಿಯ ಇಂಗ್ಲಿಷ್ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು. ಸೋಮವಾರ ಬಂದು ಸೇರದಿದ್ದರೆ ಕೆಲಸ ಬೇರೆಯವರಿಗೆ ಎಂದಿದ್ದರು ಹೆಡ್‌ಮಿಸ್ಟ್ರೆಸ್. ಅತ್ತೆಯದು ಒಂದೇ ಮಾತು: "ನಮ್ಮನೆ ಎಂಗಸ್ರು ಕೂಲಿಗೆ ಓಗಾಕಿಲ್ಲ." ಇದು ಕೂಲಿಯಲ್ಲ, ಪ್ರೊಫೆಷನ್ ಎಂದು ಮೂರು ದಿನ ಕಣ್ಣೀರು ಹಾಕಿದೆ. ನಮ್ಮ ಯಜಮಾನರು ಮೂರು ದಿನವೂ ನ್ಯೂಸ್‌ಪೇಪರಿನ ಹಿಂದೆ ಅವಿತಿದ್ದರು.

ಯಜಮಾನರು ಪೀಣ್ಯದ ಎಲೆಕ್ಟ್ರಾನಿಕ್ಸ್ ಶೆಡ್ಡೊಂದರಲ್ಲಿ ಮೆಕ್ಯಾನಿಕ್. ಆ ಶನಿವಾರ ಸಂಜೆ ಒಂದು ಕರೀ ಪೆಟ್ಟಿಗೆ ಹೊತ್ತು ತಂದರು. ಓನರ್ ಸಿಂಗಾಪುರದಿಂದ ತಂದದ್ದಂತೆ, ಕೆಟ್ಟಿತ್ತಂತೆ. ರಿಪೇರಿ ಸರಿಯಾಗಿದೆಯೋ ಎಂದು ನಮ್ಮ ಬ್ಲ್ಯಾಕ್ ಅಂಡ್ ವೈಟ್ ಟೀವಿಗೆ ಸಿಕ್ಕಿಸಿ ನೋಡಬೇಕಂತೆ. ಸ್ವಿಚ್ ಒತ್ತಿದರು. ಕತ್ತಲ ಪರದೆಯ ಮೇಲೆ ಬೆಳ್ಳನೆಯ ವಿಚಿತ್ರ ಪ್ರಾಣಿಗಳು ಸಾಲುಸಾಲಾಗಿ ಆಚೀಚೆ ಸರಿಯುತ್ತ ಕೆಳಗಿಳಿಯತೊಡಗಿದವು. ತಳದಲ್ಲೊಂದು ಪುಟ್ಟ ಫಿರಂಗಿ. ಪೆಟ್ಟಿಗೆಗೆ ತಗುಲಿಸಿದ್ದ ಕೋಲು ವಾಲಿಸಿದರೆ ಅದು ಸರಿಯುತ್ತದೆ, ಗುಂಡಿ ಒತ್ತಿದರೆ ಗುಂಡು! ಓ ಮೈ ಗಾಡ್! ಅದುವರೆಗೆ ಟೀವಿ ಹೇಳಿದ್ದನ್ನು ನಾನು ಕೇಳುತ್ತಿದ್ದೆ. ಅಂದು ನಾನು ಹೇಳಿದ್ದನ್ನು ಟೀವಿ ಕೇಳಿತು. ಆ ಮನೆಯಲ್ಲಿ ನನ್ನ ಮಾತು ಕೇಳಿದ ಮೊದಲ ವಸ್ತು ಅದೇ!

ಅಡುಗೆಮನೆಯಿಂದ ಇಣುಕಿದ ಅತ್ತೆ ಸೌಟು ಹಿಡಿದೇ ಓಡಿ ಬಂದರು. "ಗಿಣಿ ಇಂಡು ಕಣ್ಲಾ! ತೆನೆಗೆ ಬಿದ್ದಾವೆ!"

"ಅಮ್ಮಾ, ಅದು ಸ್ಪೇಸು. ಬೇರೆ ಗ್ರಹದಿಂದ ಬಂದಿರೋವು," ಎಂದರು ಯಜಮಾನರು.

"ಎಲ್ಲಿಂದಾರ ಬರ್ಲಿ, ಇಳೀತಿರೋದು ಕಾಳಿಗೆ ತಾನೆ? ಕೊಡಿಲ್ಲಿ!"

ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ ಗಿಣಿ ಓಡಿಸಿದ ಕೈ ಅದು. ಗುರಿ ತಪ್ಪೀತೇ? ಕುಕ್ಕರಗಾಲಿನಲ್ಲಿ ಕೂತು "ಹೋ... ಓಯ್!" ಎಂದು ಕೂಗುತ್ತ ಸಾಲಿಗೆ ಸಾಲೇ ಉದುರಿಸಿದರು. ಜಗಳ ಬಿಡಿಸಲೆಂದು ಓಡಿ ಬಂದ ಪಕ್ಕದ ಮನೆಯವರು ಅಲ್ಲೇ ಚಕ್ಕಂಬಕ್ಕಳ ಹಾಕಿದರು. ಕೊನೆಗೆ ಒಂದೇ ಒಂದು ಪ್ರಾಣಿ ಉಳಿಯಿತು. ಅತ್ತೆ ಕೋಲು ಕೆಳಗಿಟ್ಟುಬಿಟ್ಟರು!

"ಹೊಡೀರಿ ಅತ್ತೆ, ಹೊಡೀರಿ!" ಎಂದು ಕಿರುಚಿದೆ, ಕಾನ್ವೆಂಟಿನ ಮ್ಯಾನರ್ಸೆಲ್ಲ ಮರೆತು.

"ಸುಮ್ಕಿರಮ್ಮಿ. ಅದರ ಪಾಲು ಅದು ತಿನ್ಲಿ. ಎಲ್ಲಾನೂ ಓಡಿಸ್ಬುಟ್ರೆ ಒಲಕ್ಕೆ ಒಳ್ಳೇದಾಗಾಕಿಲ್ಲ."

ಪಾಲು ತಿನ್ನಲು ಬಿಟ್ಟದ್ದು ರಾಕೆಟ್ಟಿನಂತೆ ನುಗ್ಗಿ ಆಟವನ್ನೇ ಮುಗಿಸಿತು. ಭಾನುವಾರವಿಡೀ ಇದೇ ಕಥೆ. ಅತ್ತೆ ಕೋಲು ಬಿಡಲಿಲ್ಲ, ಕೊನೆಯ ಗಿಣಿಯನ್ನು ಹೊಡೆಯಲಿಲ್ಲ. ಎರಡನೇ ಲೆವೆಲ್ ಹೇಗಿರುತ್ತದೆಂದು ನಮ್ಮ ಮನೆಯಲ್ಲಿ ಯಾರೂ ನೋಡಲೇ ಇಲ್ಲ!

ಸಂಜೆ ಯಜಮಾನರು ವೈರು ಬಿಚ್ಚುತ್ತಿದ್ದಾಗ ನಾನು ತಡೆಯಲಾರದೆ ಅಂದೆ: "ಒಂದನ್ನ ಬಿಟ್ಟಿದ್ದಕ್ಕೇ ಎಲ್ಲಾ ಹೋಯ್ತಲ್ಲ ಅತ್ತೆ."

ಅತ್ತೆ ಆರಿದ ಪರದೆಯನ್ನೇ ನೋಡುತ್ತಿದ್ದರು. "ಗಿಣಿ ತಿಂದು ಯಾರ ಒಲಾನೂ ಓಗಿಲ್ಲ ಕಣಮ್ಮಿ. ನನ್ನೊಲ ತಗಂಡೋದೋರು ಜೀಪ್ನಾಗೆ ಬಂದ್ರು. ಕವಣೆ ಇಡ್ಕಂಡು ನೋಡ್ತಾ ನಿಂತಿದ್ದೆ."

ನಾನು ಅವರ ಕೈ ಹಿಡಿದುಕೊಂಡೆ. ಗುಂಡಿ ಒತ್ತಿ ಒತ್ತಿ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು.

"ನಿನ್ನ ಓದೈತಲ್ಲ, ಅದನ್ನ ತಗಂಡೋಗಾಕೆ ಯಾವ ಜೀಪೂ ಬರಾಕಿಲ್ಲ," ಎಂದರು. "ನಾಳೆ ಓಗು ಇಸ್ಕೂಲ್ಗೆ. ಅಡಿಗೆ ನಾನ್ ನೋಡ್ಕಂತೀನಿ."

ಆ ಪೆಟ್ಟಿಗೆಗೊಂದು ಥ್ಯಾಂಕ್ಸ್ ಹೇಳಬೇಕಿತ್ತು. ಯಜಮಾನರು ಆಗಲೇ ಅದನ್ನು ಚೀಲಕ್ಕೆ ತುಂಬಿದ್ದರು. ಅಂದಿನ ಅತ್ತೆಗಿಂತ ಇಂದು ನನಗೇ ಹೆಚ್ಚು ವಯಸ್ಸು. ಆ ಥ್ಯಾಂಕ್ಸ್ ಇನ್ನೂ ಹಾಗೇ ಉಳಿದಿದೆ.

ಮರುದಿನ ಬೆಳಿಗ್ಗೆ ಅತ್ತೆ ಬಸ್‌ಸ್ಟಾಪಿನವರೆಗೂ ಬಂದರು. ಫಸ್ಟ್ ಶಿಫ್ಟಿನವರಿಂದ ತುಂಬಿ ತುಳುಕುತ್ತಿದ್ದ ಬಸ್ಸು ನಿಲ್ಲದೆ ಹೋಗುವುದರಲ್ಲಿತ್ತು. ಅತ್ತೆ ನಡುರಸ್ತೆಗೇ ಇಳಿದು ಎರಡೂ ಕೈ ಚಾಚಿ ನಿಂತರು.

"ನಿಲ್ಸಪ್ಪಾ! ನಮ್ಮ ಟೀಚರಮ್ಮ ಬರ್ಬೇಕು!"

ನಾನಿನ್ನೂ ಒಂದೇ ಒಂದು ಪಾಠವನ್ನೂ ಮಾಡಿರಲಿಲ್ಲ.