ಲಂಡನ್ನಿನ ಆರತಿ ತಟ್ಟೆ

ನಾಟಕ ನೋಡುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕದ್ರಿಯ ಗದ್ದೆಯಲ್ಲಿ ಅಜ್ಜನ ತೊಡೆಯ ಮೇಲೆ ಕುಳಿತು ಬಯಲಾಟ ನೋಡಿ ಬೆಳೆದವನು ನಾನು! ಆದ್ದರಿಂದ ಲಂಡನ್ನಿನಲ್ಲಿ ಬ್ಯಾರಿಸ್ಟರಿಗೆ ಓದುತ್ತಿದ್ದಾಗ ನಮ್ಮ ಪ್ರೊಫೆಸರರ ಹೆಂಡತಿ, "ಮಧ್ಯಾಹ್ನದ ನಾಟಕಕ್ಕೆ ಬರ್ತೀರಾ?" ಎಂದು ಕೇಳಿದ ಕೂಡಲೇ ಧೈರ್ಯವಾಗಿಯೇ ಹೊರಟೆ.

ಅಸಲಿಗೆ ಪ್ರೊಫೆಸರರಿಂದ ನನಗೊಂದು ಕಾಗದ ಆಗಬೇಕಿತ್ತು. ಕೊಡಿಯಾಲ್‌ಬೈಲಿನಿಂದ ಅಪ್ಪ ಬರೆದಿದ್ದರು: "ನೀನು ಯೋಗ್ಯನಾಗಿದ್ದಿ ಎಂದು ನಿನ್ನ ಗುರುಗಳು ಬರೆದರೆ ಇನ್ನೊಂದು ವರ್ಷ ಓದು. ಇಲ್ಲದಿದ್ದರೆ ಮೊದಲ ಹಡಗು ಹತ್ತು. ಉರ್ವದ ನಮ್ಮ ಅಂಗಡಿಯಲ್ಲಿ ಅಕ್ಕಿ ಅಳೆ."

ಮೊದಲ ಅಂಕ ಸುಸೂತ್ರವಾಗಿ ಮುಗಿದು ಪರದೆ ಬಿತ್ತು. ಆಗ ಸಾಲಿನ ತುದಿಯಿಂದ ಕೈಯಿಂದ ಕೈಗೆ ಒಂದು ತಟ್ಟೆ ಬಂತು. ಆಹಾ, ಇಲ್ಲಿಯೂ ಉಂಟು! ನಮ್ಮ ಆಟದಲ್ಲಿ ದೇವರ ಆರತಿ ತಟ್ಟೆ ಸಭೆಯ ನಡುವೆ ಬಂದರೆ ಕಾಣಿಕೆ ಹಾಕಿ ಪ್ರಸಾದ ತೆಗೆದುಕೊಳ್ಳದೆ ಬಿಡುವುದುಂಟೇ? ಕೆಟಲಿನಲ್ಲಿ ತೀರ್ಥ, ಪಕ್ಕದಲ್ಲಿ ಕೇಕು. ಆರತಿಯ ಬತ್ತಿ ಮಾತ್ರ ಕಾಣಲಿಲ್ಲ. ಚಳಿಯ ದೇಶ, ಆರಿರಬಹುದು. ಒಂದು ನಾಣ್ಯ ಹಾಕಿದೆ. ಕೇಕನ್ನು ಕಣ್ಣಿಗೊತ್ತಿಕೊಂಡು ತಿಂದೆ. ತಟ್ಟೆಯನ್ನು ಮುಂದಕ್ಕೆ ಸಾಗಿಸಿದೆ.

ಇನ್ನೊಂದು ತಟ್ಟೆ ಬಂತು. ಇನ್ನೊಂದು ನಾಣ್ಯ, ಇನ್ನೊಂದು ಕೇಕು. ಮೂರನೆಯದು ಬರುವಾಗ ಹೊಟ್ಟೆ ತುಂಬಿತ್ತು. ಆದರೆ ದೇವರಿಗೆ ಬೇಡ ಎನ್ನಲಿಕ್ಕೆ ಆಗ್ತದಾ ಮಾರಾಯ್ರೇ!

ಸಾಲಿನ ಆ ತುದಿಯಲ್ಲಿ ಒಬ್ಬರು ಮುದುಕರು ಎದ್ದು ನಿಂತರು. "ನನ್ನ ಕೇಕು ಎಲ್ಲಿ? ಇಲ್ಲಿ ದುಡ್ಡು ಯಾಕೆ ಬಿದ್ದಿದೆ?"

ಅವರ ಪಕ್ಕದ ಇಬ್ಬರು ಹೆಂಗಸರೂ ಎದ್ದರು. ಪ್ರೊಫೆಸರರ ಹೆಂಡತಿ ನನ್ನ ಕಿವಿಯ ಹತ್ತಿರ ಬಾಗಿ, "ಅದು ಅವರು ಹೇಳಿ ತರಿಸಿದ ಚಹಾ ತಿಂಡಿ, ನಾವು ಅವರತ್ತ ದಾಟಿಸಿದರೆ ಸಾಕು" ಎಂದರು.

"ಪ್ರಸಾದ ಅಲ್ವಾ?" ಎಂದೆ. ನನ್ನ ಮೀಸೆಯ ಮೇಲೆ ಸಕ್ಕರೆ ಇತ್ತು.

ನಾಚಿಕೆಯಿಂದ ಭೂಮಿಗಿಳಿದು ಹೋದೆ. ತೊದಲುತ್ತಾ ಆರತಿ ತಟ್ಟೆಯ ಕಥೆಯನ್ನೆಲ್ಲ ಹೇಳಿದೆ. ಆಕೆ ನಗಲಿಲ್ಲ. ನಕ್ಕಿದ್ದರೆ ನಾನು ಬದುಕುತ್ತಿದ್ದೆ! ಬಹಳ ಮೆಚ್ಚಿಕೊಂಡು, ಆ ದಿನವೇ ಗಂಡನ ಕೈಯಲ್ಲಿ ಅಪ್ಪನಿಗೆ ಕಾಗದ ಬರೆಸಿದರು: "ನಿಮ್ಮ ಮಗ ಯೋಗ್ಯ, ದೈವಭಕ್ತ. ಬೇರೆಯವರ ತಿಂಡಿಯನ್ನೂ ಕಣ್ಣಿಗೊತ್ತಿಕೊಂಡೇ ತಿನ್ನುತ್ತಾನೆ."

ಮನೆಯ ಚಾವಡಿಯಲ್ಲಿ ಅದನ್ನು ಓದಿಸಿ ಕೇಳಿದ ಅಮ್ಮ ಎದೆ ಬಡಿದುಕೊಂಡರಂತೆ. "ಅಯ್ಯೋ ದೇವರೇ, ಮಗ ಅಲ್ಲಿ ಕಂಡವರ ತಟ್ಟೆಗೆ ಕೈ ಹಾಕಿ ಬದುಕ್ತಾ ಇದ್ದಾನೆ! ಅವನನ್ನು ಕೂಡಲೇ ಕರೆಸಿ!"

ತಂತಿ ಬಂತು. ಮೊದಲ ಹಡಗು ಹತ್ತಿದೆ.

ಈಗ ಉರ್ವದಲ್ಲಿ ಅಕ್ಕಿ ಅಳೆಯುತ್ತೇನೆ. ಹೊಸ ಗಿರಾಕಿ ಬಂದರೆ ನನ್ನ ಹೆಂಡತಿ ಪರಿಚಯ ಮಾಡಿಕೊಡುವುದು ಹೀಗೆ: "ಇವರು ಬ್ಯಾರಿಸ್ಟರ್ ಆಗ್ಬೇಕಿತ್ತು. ಮೂರು ಕೇಕು ಅಡ್ಡ ಬಂತು!"